ಬಿಳಿ ಔಷಧಿಯ ಬಾಟಲಿ

ಇಬಾದಾನ್, ಮಾರ್ಚ್ ೧೪, ಗುರುವಾರ

ಮತ್ತೆ ಹೊಟ್ಟೆ ಉರಿಯುತ್ತಿದೆ. ಅಮಲಾ ಮುದ್ದೆಯ ಜೊತೆಗಿನ ಸಾರು ಖಾರವಾಗಿತ್ತು ಎಂದು ಹತ್ತು ಸಲ ನನಗೆ ನಾನೇ ಹೇಳಿಕೊಂಡೆ.

ಎರಡು ತಿಂಗಳಿಂದ ನನ್ನ ಹೊಟ್ಟೆಯ ಹಳೆಯ ಹುಣ್ಣು ಸದ್ದಿಲ್ಲದೆ ಮಲಗಿತ್ತು. ಬಸಿರೆಂದು ಯಾರಿಗೂ ಹೇಳಿಲ್ಲ, ಗಂಡ ಡೊಟುನ್‌ಗೂ ಇಲ್ಲ. ಹೋದ ವರ್ಷ ಊರಿಗೆಲ್ಲ ಹೇಳಿ ಕಳೆದುಕೊಂಡದ್ದು ಸಾಕು.

ಆದರೆ ಪ್ರಯೋಗಾಲಯದಲ್ಲಿ ಇಲಿ ಸಾಕುವ ಸಿಕಿರಾ ಅಮ್ಮನಿಗೆ ಗೊತ್ತಾಗಿಬಿಟ್ಟಿದೆ. ಮಧ್ಯಾಹ್ನ ನಾನು ಹೊರಗೆ ಹೊರಟಾಗ ತಡೆದು, ಅಂಗಿಯ ಅಂಚಿಗೆ ಪಿನ್ನು ಚುಚ್ಚಿದರು. ಬಸುರಿ ಬಿಸಿಲಲ್ಲಿ ಪಿನ್ನಿಲ್ಲದೆ ನಡೆದರೆ ಕೆಟ್ಟದ್ದು ಒಳಸೇರುತ್ತದಂತೆ.

"ನಿಮಗ್ಯಾರು ಹೇಳಿದ್ರು?"

"ಹೊಟ್ಟೆ ಉರಿಗೆ ನೀನು ಕುಡೀತಿದ್ದ ಬಿಳಿ ಔಷಧಿ ಬಾಟ್ಲಿ ನಿನ್ನ ಮೇಜಿನ ಮೇಲೆ ಧೂಳು ಹಿಡಿದು ಕೂತಿದೆ ಮಗಳೇ. ಇಪ್ಪತ್ತು ವರ್ಷದಿಂದ ಬಸುರಿ ಇಲಿ ಸಾಕಿದೀನಿ, ಬಸಿರಾದ್ರೆ ಹುಣ್ಣು ಆರುತ್ತೆ ಅಂತ ನನಗೇ ಪಾಠ ಹೇಳ್ತೀಯಾ?"

ನಾನು ವಿಜ್ಞಾನಿ. ಪಿನ್ನು ಮಾತ್ರ ತೆಗೆಯಲಿಲ್ಲ.

ಆಮೇಲೆ ಹದಿನೆಂಟು ಇಲಿಗಳ ಜಠರ ಬಿಡಿಸಿ, ಭೂತಗನ್ನಡಿ ಹಿಡಿದು ಹುಣ್ಣು ಎಣಿಸಿದೆ. ಬಸಿರಿನ ಹಾರ್ಮೋನು ಚುಚ್ಚಿದವುಗಳಲ್ಲಿ ಹುಣ್ಣು ಕಡಿಮೆ. ಚುಚ್ಚುವುದನ್ನು ನಿಲ್ಲಿಸಿದವುಗಳಲ್ಲಿ ಮತ್ತೆ ಕೆಂಪು ಕೆಂಪು. ಹಾರ್ಮೋನು ಇಳಿದರೆ ಹುಣ್ಣು ಮರಳುತ್ತದೆ ಎಂದು ಎಷ್ಟು ಖುಷಿಯಿಂದ ಬರೆದುಕೊಂಡಿದ್ದೆ.

ಆ ವಾಕ್ಯವೇ ಈಗ ಮಲಗಲು ಬಿಡುತ್ತಿಲ್ಲ. ಇದು ಖಾರವೋ, ಅಥವಾ ನನ್ನೊಳಗೂ ಹಾರ್ಮೋನು ಇಳಿಯುತ್ತಿದೆಯೋ…

ಮನೆಯ ಬಾಟಲಿಯ ಮೇಲೂ ಧೂಳಿತ್ತು, ಒರೆಸಿಟ್ಟಿದ್ದೇನೆ. ಎರಡು ಗುಟುಕಿಗೆ ಉರಿ ಆರುತ್ತದೆ. ಆರಿದರೆ ಅದು ಯಾವುದರ ಉರಿ ಎಂದು ನನಗೆ ತಿಳಿಯುವುದಿಲ್ಲ. ಮುಚ್ಚಳ ತೆರೆದಿಲ್ಲ. ಪಿನ್ನನ್ನು ಅಂಗಿಯಿಂದ ತೆಗೆದು ರಾತ್ರಿಯ ಉಡುಪಿಗೆ ಚುಚ್ಚಿಕೊಂಡು ಕೂತಿದ್ದೇನೆ, ಹೊರಗೆ ಬಿಸಿಲೇ ಇಲ್ಲದಿದ್ದರೂ.