ಗುಡಿಯ ಬೆನ್ನ ಮೇಲಿನ ಸ್ಟಂಪುಗಳು

ಡರ್ಬಿಶೈರ್, ಮಾರ್ಚ್ 1974

ಮಾನ್ಯ ಪ್ರಿಂಗಲ್ ಅವರಿಗೆ,

ಹಳೆಯ ಬಂಗಲೆಯ ತೋಟದಲ್ಲಿರುವ ಗ್ರೀಕ್ ಗುಡಿಯ ನಕಲನ್ನು ನೀವು ದುರಸ್ತಿ ಮಾಡಿಸುತ್ತಿರುವುದು ಸಂತೋಷ. ಬಂಗಲೆ ಕೆಡವಿದ ಮೇಲೆ ಅದರ ಚೆಂದದ ಕಂಬಗಳನ್ನು ಹಸುಗಳಷ್ಟೇ ನೋಡುತ್ತಿವೆ. ನಮ್ಮ ಬೀದಿಗೆ ಕಾಣುವುದು ಹಿಂದಿನ ಇಟ್ಟಿಗೆ ಗೋಡೆ. "ದೊರೆಗಳಿಗೆ ಮುಖ, ನಮ್ಗೆ ಬೆನ್ನು ಕಣೇ," ಎನ್ನುತ್ತಾರೆ ನನ್ನ ಗಂಡ ನಾರ್ಮನ್.

ಆ ಬೆನ್ನಿಗೆ ಗಾರೆ ಬಳಿಸುತ್ತೀರಂತೆ. ಬಳಿಸಿ. ಎಡಮೂಲೆಯಲ್ಲಿ ಬಿಳಿ ಬಣ್ಣದಲ್ಲಿ ಬರೆದ ಮೂರು ಕ್ರಿಕೆಟ್ ಸ್ಟಂಪುಗಳಿವೆ, ಅಷ್ಟು ಜಾಗ ಮಾತ್ರ ಬಿಡಿ. ನಿಮ್ಮ ಮೇಸ್ತ್ರಿ ಅವನ್ನು ನೋಡಿ, "ಇಷ್ಟು ಕುಳ್ಳ ಸ್ಟಂಪು ಎಲ್ಲಾದ್ರೂ ಇರುತ್ತೇನ್ರೀ?" ಎಂದು ನಕ್ಕರು. ಅಳತೆ ತಪ್ಪಿಲ್ಲ. ಯುದ್ಧಕ್ಕೂ ಮುಂಚೆ, ಆಗ ಆರು ವರ್ಷದವನಾಗಿದ್ದ ನಮ್ಮ ಮಗ ರಾಯ್‌ನ ಸೊಂಟಕ್ಕೆ ಸರಿಯಾಗಿ ಬರೆದದ್ದು. "ಮುಂದಿನ್ ವರ್ಷ ಎತ್ತರ ಮಾಡ್ತೀನಿ ಮರಿ," ಎಂದಿದ್ದರು ನಾರ್ಮನ್. ಆ ಚಳಿಗಾಲದಲ್ಲೇ ಊರಿನ ಮಕ್ಕಳಿಗೆ ಗಂಟಲಮಾರಿ ರೋಗ ಬಂತು.

ಇಂದಿಗೂ ಪ್ರತಿ ಏಪ್ರಿಲ್‌ನಲ್ಲಿ ನಾರ್ಮನ್ ಹೋಗಿ ಅವಕ್ಕೆ ಹೊಸ ಬಣ್ಣ ಹಚ್ಚುತ್ತಾರೆ. ಎತ್ತರ ಮಾಡಿಲ್ಲ.

ಈ ಸಲವೂ ಡಬ್ಬಿ ಹಿಡಿದು ಬಂದರೆ ಬೇಲಿಯ ಗೇಟು ತೆಗೆಸಿಕೊಡಿ. ನಾನು ಬರೆದೆನೆಂದು ಹೇಳಬೇಡಿ. ಮಂಡಿಯೂರಿ ಕೂತ ಮೇಲೆ ಏಳುವುದು ಅವರಿಗೆ ಕಷ್ಟ; ಮೇಸ್ತ್ರಿ ಒಂದು ಕೈ ಕೊಟ್ಟರೆ ಸಾಕು.

ನಿಮ್ಮ ಗುಡಿಯ ಹಿಂಬದಿಯ ನೆರೆಯವಳು,
ಹಿಲ್ಡಾ ಗಾರ್ಸೈಡ್