ಎಸ್ತರಬಾಯಿಯ ಸಭೆಯಲ್ಲಿ ಪೂರ್ಣಿಮಾ ಎದ್ದು ನಿಂತಳು

ಹಳಿಯಾಳ
೨೦ ಜನವರಿ ೨೦೨೫

ಪ್ರೀತಿಯ ಮಗ ಶರಣಬಸವನಿಗೆ ಅವ್ವನ ಆಶೀರ್ವಾದಗಳು.

ನಿನ್ನ ಸೊಂಟನೋವು ಈಗ ಹೇಗಿದೆ? ಲಾರಿಯ ಸೀಟಿಗೆ ದಪ್ಪ ದಿಂಬು ಹಾಕಿಕೊ ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ವಾಸ್ಕೋದಲ್ಲಿ ಮೀನಿನ ವಾಸನೆಗೆ ಹೆದರಿ ಮತ್ತೆ ಬನ್ನು, ಚಹಾದಲ್ಲೇ ದಿನ ತಳ್ಳುತ್ತಿರಬೇಕು. ನಿನ್ನಂಥ ಮಡಿವಂತ ಡ್ರೈವರ್ ಇಡೀ ಗೋವೆಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ನನಗೆ ಮೊಣಕಾಲು ಬಿಟ್ಟರೆ ಬೇರೆ ತೊಂದರೆ ಇಲ್ಲ. ನಿನ್ನ ಮಗಳು ಪೂರ್ಣಿಮಾ ಊಟ ಕಡಿಮೆ ಮಾಡಿದ್ದಾಳೆ. ಫೋನಿನಲ್ಲಿ ಅವಳ ಮಾತೆತ್ತಿದ ಕೂಡಲೇ ನೀನು ಇಟ್ಟುಬಿಡುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ಎಸ್ತರಬಾಯಿ ತೀರಿಹೋದರು. ಹೋದ ಮಂಗಳವಾರ, ಕಬ್ಬು ಕಡಿಯುವವರ ಮಕ್ಕಳಿಗೆ ಪಾಠ ಹೇಳುವ ಅದೇ ತಗಡಿನ ಶೆಡ್ಡಿನಲ್ಲಿ, ಕುಳಿತಲ್ಲೇ. ಮಧ್ಯಪ್ರದೇಶದ ಇಟಾರ್ಸಿಯ ಕಡೆಯಿಂದ ಚಿಕ್ಕ ವಯಸ್ಸಿನಲ್ಲಿ ಬಂದವರು. ಮಕ್ಕಳನ್ನು ದುಡಿಮೆಯಿಂದ ಬಿಡಿಸುವುದು, ಎಳೆಯ ಹುಡುಗಿಯರ ಮದುವೆ ತಡೆಯುವುದು, ಇದರಲ್ಲೇ ಅವರ ತಲೆ ಬೆಳ್ಳಗಾಯಿತು. ನಿನ್ನ ಅಪ್ಪ ತೀರಿಕೊಂಡ ವರ್ಷ ದೊಡ್ಡಪ್ಪ ಈಶಪ್ಪ ನಿನ್ನನ್ನು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯಲು ಹಾಕಿದ್ದನಲ್ಲ, ಆಗ ಇವರು ದಿನಾ ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಏನೂ ತಿನ್ನದೆ, ಏನೂ ಅನ್ನದೆ, ನಿನ್ನನ್ನೇ ನೋಡುತ್ತ ಕೂರುತ್ತಿದ್ದರು. ಗಿರಾಕಿಗಳಿಗೆ ಚಹಾ ಗಂಟಲಲ್ಲಿ ಇಳಿಯದಾಯಿತು. ಕೊನೆಗೆ ಮಾಲೀಕನೇ, "ಈ ಹುಡುಗನ್ನ ಕರಕೊಂಡು ಹೋಗ್ರಿ ಬಾಯಾರ, ನನ್ನ ಯಾಪಾರ ಮುಳಗಾಕತ್ತೈತಿ" ಅಂದ. ನಿನಗೆ ಅವರಲ್ಲಿ ಪಾಠ, ನನಗೆ ಅಡುಗೆ ಕೆಲಸ. ಮಕ್ಕಳ ಹಿಂದೆ ಕುಳಿತು ನಾನು ಅಕ್ಷರ ಕಲಿತದ್ದೂ ಅಲ್ಲೇ. ಈಚೆಗೆ ಅವರಿಗೆ ಬೇಸರವೇ ಹೆಚ್ಚಾಗಿತ್ತು. ಇಲ್ಲಿ ಒಂದು ಮದುವೆ ತಡೆದರೆ ಬೇರೆ ತಾಲ್ಲೂಕಿಗೆ ಒಯ್ದು ಅಕ್ಷತೆ ಹಾಕಿಸುತ್ತಾರೆ, ಇಷ್ಟು ವರ್ಷ ನಾನು ಮಾಡಿದ್ದೇನು ಶಿವಗಂಗಾ, ಎನ್ನುತ್ತಿದ್ದರು. ಆ ಹೊತ್ತಿಗಾಗಲೇ ನೀನು ಮುಂಡಗೋಡದಲ್ಲಿ ಪೂರ್ಣಿಮಾಳ ಮದುವೆಯ ಮಾತುಕತೆ ಮುಗಿಸಿ ಬಂದಿದ್ದೆ.

ದೀಪಾವಳಿಗೆ ಬಂದಾಗ ನನ್ನ ಕೈ ಎತ್ತಿ ನಿನ್ನ ತಲೆಯ ಮೇಲಿಟ್ಟುಕೊಂಡು, "ಬಾಯಾರಿಗೆ ಹೇಳೂದಿಲ್ಲಂತ ಆಣಿ ಮಾಡವ್ವಾ" ಎಂದು ನೀನು ಕೇಳಿದೆ. "ತಾಯಿ ಇಲ್ಲದ ಹುಡುಗಿ, ನಾಳೆ ನೀನೂ ಕಣ್ಣ ಮುಚ್ಚಿದ್ರ ಆಕಿ ಯಾರ ಕೈಯಾಗ?" ಎಂದು ಅತ್ತುಬಿಟ್ಟೆ. ನಿನ್ನ ಭಯ ಸುಳ್ಳಲ್ಲ ಮಗಾ, ಅದು ನನಗೂ ನಿದ್ದೆ ಕೆಡಿಸಿದೆ. ಆದರೆ ನಾನು ಆಣೆ ಮಾಡಲಿಲ್ಲ, ಸುಮ್ಮನಿದ್ದೆ. ನೀನು ಅದನ್ನೇ ಒಪ್ಪಿಗೆ ಅಂದುಕೊಂಡು ಬಸ್ಸು ಹತ್ತಿದೆ. ಎಸ್ತರಬಾಯಿಗೆ ಎದೆನೋವು ಜೋರಾಗಿದ್ದರಿಂದ ಹೇಳಲು ನನಗೂ ಬಾಯಿ ಬರಲಿಲ್ಲ.

ನಿನ್ನೆ ಭಾನುವಾರ ಶೆಡ್ಡಿನಲ್ಲಿ ಅವರಿಗಾಗಿ ಸಭೆ. ಅವರದು ಕ್ವೇಕರ್ ಎಂಬ ಕ್ರೈಸ್ತ ಪಂಥವಲ್ಲವೇ, ಪಾದ್ರಿ ಇಲ್ಲ, ಹಾಡಿಲ್ಲ, ಹಾರವೂ ಇಲ್ಲ. ಎಲ್ಲರೂ ಸುಮ್ಮನೆ ಕೂರಬೇಕು. ಒಳಗಿನಿಂದ ಮಾತು ಬಂದವರು ಎದ್ದು ಹೇಳಿ ಕೂರಬೇಕು. ಅದಕ್ಕೆ ಯಾರೂ ಉತ್ತರ ಕೊಡಬಾರದು. ಇಟಾರ್ಸಿಯಿಂದ ಬಂದಿದ್ದ ಅವರ ತಮ್ಮ ಇದನ್ನು ಹಿಂದಿಯಲ್ಲಿ ತಿಳಿಸಿದರು. ನಮ್ಮವರಿಗೆ ಸುಮ್ಮನೆ ಕೂರುವುದು ಎಲ್ಲಿ ಬರಬೇಕು? ನಮ್ಮ ಓಣಿಯ ಅಂದಾನೆಪ್ಪ ಭಜನೆಗೆಂದು ತಾಳ ಎತ್ತಿದ, ಪಕ್ಕದಲ್ಲಿ ಕೂತಿದ್ದ ಗಿರಿಜಾಬಾಯಿ ಅವನ ಕೈ ಹಿಡಿದಳು. ಆಗ ನನ್ನ ಪಕ್ಕದಿಂದ ಪೂರ್ಣಿಮಾ ಎದ್ದು ನಿಂತಳು. "ಮುಂದಿನ ತಿಂಗಳ ನನ್ನ ಮದವಿ ಐತಿ. ನನಗ ಬ್ಯಾಡ. ನಾ ಹತ್ತನೇ ಕ್ಲಾಸಿನ ಪರೀಕ್ಷೆ ಬರೀಬೇಕು" ಎಂದು ಹೇಳಿ ಕೂತಳು. ಅವಳ ಶಾಲೆಯ ಮಾಸ್ತರರು, ಪಂಚಾಯತಿಯವರು, ನಮ್ಮ ಓಣಿಯವರು, ಎಲ್ಲರೂ ಕೇಳಿದರು. ಯಾರೂ ಏನೂ ಅನ್ನಲಿಲ್ಲ; ಸಭೆಯ ರೀತಿಯೇ ಅದು. ಸಭೆ ಮುಗಿದ ಮೇಲೂ ಯಾರೂ ಏನೂ ಅನ್ನಲಿಲ್ಲ. ಚಹಾ ಕುಡಿದರು, ಚಪ್ಪಲಿ ಹುಡುಕಿಕೊಂಡರು, ಹೋದರು. ಅಷ್ಟು ಸಂಕಟ ನನಗೆ ನಿನ್ನ ಅಪ್ಪ ಹೋದಾಗಲೂ ಆಗಿರಲಿಲ್ಲ. ಮನೆಗೆ ಬರುವಾಗ ಅವಳು, "ಅಜ್ಜಿ, ನಾ ಭಾಳ ಮೆಲ್ಲಕ ಹೇಳಿದ್ನೇನು? ಯಾರಿಗೂ ಕೇಳಿಸಲಿಲ್ಲೇನು?" ಎಂದು ಕೇಳಿದಳು.

ಇನ್ನೇನು ಬರೆಯಲಿ? ಹೊತ್ತಿಗೆ ಸರಿಯಾಗಿ ಉಣ್ಣು. ಅನಮೋಡ ಘಾಟಿನಲ್ಲಿ ಲಾರಿ ನಿಧಾನ ಓಡಿಸು. ಮನೆದೇವರು ಮಲ್ಲಯ್ಯ ನಿನ್ನ ಬೆನ್ನಿಗಿರಲಿ.

ನಿನ್ನ ಅವ್ವ,
ಶಿವಗಂಗವ್ವ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು. ಇಂದು ಬೆಳಿಗ್ಗೆ ಮಕ್ಕಳ ಸಹಾಯವಾಣಿಗೆ ಫೋನು ಮಾಡಿ ಈ ಮದುವೆಯ ಮೇಲೆ ದೂರು ಕೊಟ್ಟಿದ್ದೇನೆ. ಅಧಿಕಾರಿಗಳು ಮುಂಡಗೋಡಕ್ಕೂ ಹೋಗುತ್ತಾರೆ, ನಿನ್ನನ್ನೂ ಕರೆಸುತ್ತಾರೆ. ಪೂರ್ಣಿಮಾಳನ್ನು ಬೈಯಬೇಡ, ಅವಳಿಗೆ ಇದು ಗೊತ್ತಿಲ್ಲ. "ನಿಮ್ಮ ಹೆಸರು ಹೇಳದಿದ್ರೂ ನಡೀತೈತ್ರಿ" ಎಂದಳು ಫೋನಿನಲ್ಲಿದ್ದ ಹುಡುಗಿ. ನಾನು ನನ್ನ ಹೆಸರು ಹೇಳಿದೆ. ದೂರು ಯಾರ ಮೇಲೆ ಎಂದು ಕೇಳಿದಳು, ನಿನ್ನ ಹೆಸರು ಬರೆಸಿದೆ. "ಅವರು ನಿಮಗೇನಾಗಬೇಕ್ರಿ?" ಎಂದಳು. "ನನ್ನ ಮಗ ಆಗಬೇಕವ್ವಾ. ಇರೂದು ಒಬ್ಬಾಂವ" ಎಂದೆ.