ಕೆಂಪು ಅಂಟು, ಕಪ್ಪು ಅಂಟು

ಏಪ್ರಿಲ್ ೧೪, ಮಂಗಳವಾರ. ಅಲೆಕ್ಸಾಂಡ್ರಿಯಾ.

ಎಷ್ಟು ಉಜ್ಜಿದರೂ ಬೆರಳಿನ ಕೆಂಪು ಅಂಟು ಹೋಗುತ್ತಿಲ್ಲ. ಫೌಕಿಯಾ ಅಂದ ಮಾತೂ ಅಷ್ಟೇ.

ನಿನ್ನೆ ರಿಜ್ಕ್‌ನ ಮೈಕ್ರೋಬಸ್ಸಿನ ಎಂಜಿನ್ನಿನಡಿಯ ಸೋರುವ ಎಣ್ಣೆತೊಟ್ಟಿಯ ಅಂಚಿಗೆ, ಸಂದು ಮುಚ್ಚಲೆಂದು, ನಾನು ಧಾರಾಳವಾಗಿ ಕೆಂಪು ಅಂಟು ಬಳಿದಿದ್ದೆ. ಗ್ಯಾರೇಜಿನ ಒಡತಿ ಫೌಕಿಯಾ ಬಂದವಳೇ ಎಲ್ಲ ಕೆರೆದು ತೆಗೆದಳು. ಇನ್ನೂ ಕೆಲಸ ಕಲಿಯುತ್ತಿರುವ ನನ್ನನ್ನು 'ಉಸ್ತಾ', ಅಂದರೆ ಮೇಸ್ತ್ರಿ, ಎಂದು ಅಣಕಿಸಿದಳು.

"ಕಂಡಕಂಡಲ್ಲಿ ಹಚ್ಚೋಕೆ ಇದೇನು ಮದರಂಗಿನಾ, ಉಸ್ತಾ? ಕೆಂಪು ಬೆಂಕಿಬಿಸಿ ಇರೋ ಕಡೆಗೆ. ಇಲ್ಲಿ ಮುಟ್ಟೋದು ಎಣ್ಣೆ, ಕಪ್ಪು ತಗೊಂಬಾ. ಜಾಸ್ತಿ ಹಚ್ಚಿದ್ರೆ ಒಳಗೆ ಉದುರಿ ಎಣ್ಣೆದಾರಿ ಕಟ್ಕೊಳುತ್ತೆ."

ಕೈ ಎತ್ತದೆ, ಬೋಲ್ಟಿನ ತೂತುಗಳ ಸುತ್ತ ಹಾಯಿಸಿ, ಕಾಡಿಗೆಯಂಥ ಒಂದೇ ಗೆರೆ ಎಳೆದಳು. ಎಂಥ ಕೈ ಅದು. ಬೋಲ್ಟುಗಳನ್ನು ಬೆರಳಲ್ಲೇ ಕೂರಿಸಿ, ಅಂಟು ಕೊಂಚ ಗಟ್ಟಿಯಾಗಲೆಂದು ನಿಧಾನವಾಗಿ ಚಹಾ ಕುಡಿದು ಬಂದ ಮೇಲೆ ಬಿಗಿದಳು.

"ನಾಳೆ ಸಂಜೆ ಮಗಳ ದಿಬ್ಬಣ ಇದರಲ್ಲೇ ಹೊರಡ್ಬೇಕು. ಈಗ್ಲೇ ಎಣ್ಣೆ ಹುಯ್ಯಮ್ಮಾ," ಎಂದು ರಿಜ್ಕ್ ಗೋಗರೆದ.

"ದಿಬ್ಬಣ ನಡುದಾರೀಲಿ ನಿಂತ್ರೆ ಪರವಾಗಿಲ್ವಾ? ಅಂಟು ಒಣಗ್ಲಿ, ನಾಳೆ ಬಾ."

ಇಂದು ಎಣ್ಣೆ ತುಂಬಿ ಎಂಜಿನ್ ಚಾಲೂ ಮಾಡಿದೆವು. ಬಸ್ಸಿನ ಕೆಳಗೆ ಹಳೆಯ ಪತ್ರಿಕೆ ಹಾಸಿ, ನಾನೂ ರಿಜ್ಕನೂ ನೆಲಕ್ಕೆ ಕೆನ್ನೆಯಿಟ್ಟು ಕಾದೆವು. ಒಂದು ಹನಿಯೂ ಬೀಳಲಿಲ್ಲ. ಹೇಳೋಣವೆಂದು ಎದ್ದರೆ, ಫೌಕಿಯಾ ಇತ್ತ ತಿರುಗಿಯೂ ನೋಡಿರಲಿಲ್ಲ. ಆಗಲೇ ಬಸ್ಸಿನ ಕನ್ನಡಿಗೆ ಹೂವು ಕಟ್ಟುತ್ತಿದ್ದಳು.